ಸ್ಟೆಂಟ್ ಅಳವಡಿಸಿದ ಧಮನಿ ಮತ್ತೆ ಕಿರಿದಾದಾಗ

“ಸ್ಟೆಂಟ್ ಹಾಕಿಸಿಕೊಂಡು ಎಂಟು ತಿಂಗಳಾಯಿತು. ಈಗ ಮೆಟ್ಟಿಲು ಹತ್ತಿದರೆ ಮತ್ತೆ ಎದೆ ಹಿಡಿದಂತಾಗುತ್ತದೆ. ಅಂದು ಮಾಡಿದ ಚಿಕಿತ್ಸೆ ವ್ಯರ್ಥವಾಯಿತೇ?” ಹೃದ್ರೋಗಿಗಳಿಂದ ನಾವು ಆಗಾಗ ಕೇಳುವ ಪ್ರಶ್ನೆಯಿದು. ಮತ್ತೆ ಖರ್ಚು ಬಂದೀತೆಂಬ ಅಂಜಿಕೆಯಿಂದ ಮನೆಯವರಿಗೂ ಹೇಳದೆ ನೋವನ್ನು ನುಂಗಿಕೊಳ್ಳುವ ಹಿರಿಯರುಂಟು. ಆ ಮೌನವೇ ಅಪಾಯಕಾರಿ. ಆದ್ದರಿಂದ ಈ ವಿಷಯವನ್ನು ತಿಳಿಯಾಗಿ ಅರಿತುಕೊಳ್ಳೋಣ.

ಹೃದಯದ ಸ್ನಾಯುಗಳಿಗೆ ರಕ್ತ ಒದಗಿಸುವ ಧಮನಿಗಳಲ್ಲಿ ಕೊಬ್ಬು ಸಂಚಯವಾದಾಗ ಮಾರ್ಗ ಕಿರಿದಾಗುತ್ತದೆ. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಪುಟ್ಟ ಬಲೂನನ್ನು ಹೃದಯದ ಧಮನಿಯೊಳಗೆ ಸೇರಿಸಿ ಉಬ್ಬಿಸಿ, ಶಸ್ತ್ರಚಿಕಿತ್ಸೆಯಿಲ್ಲದೆ ಮಾರ್ಗವನ್ನು ಅಗಲಗೊಳಿಸಿದರು. ಆದರೆ ಹೀಗೆ ಹಿಗ್ಗಿಸಿದ ಧಮನಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಕೆಲವೇ ತಿಂಗಳಲ್ಲಿ ಮತ್ತೆ ಕುಗ್ಗುತ್ತಿದ್ದವು. ಅದನ್ನು ತಡೆಯಲು 1986ರಲ್ಲಿ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಬಳಕೆಗೆ ಬಂದಿತು. ಜಾಲರಿಯು ಗೋಡೆಗೆ ಆಸರೆಯಾಯಿತು. ಹೊಸ ತೊಡಕೊಂದನ್ನೂ ತಂದಿತು.

ಬಲೂನು ಮತ್ತು ಜಾಲರಿಯ ಒತ್ತಡದಿಂದ ಧಮನಿಯ ಒಳಪದರಕ್ಕೆ ಗಾಯವಾಗುತ್ತದೆ. ದೇಹವು ಆ ಗಾಯವನ್ನು ಮಾಯಿಸಲು ಹೊಸ ಜೀವಕೋಶಗಳನ್ನು ಬೆಳೆಸುತ್ತದೆ. ಕೆಲವರ ಚರ್ಮದಲ್ಲಿ ಮಾಯ್ದ ಗಾಯದ ಕಲೆ ಉಬ್ಬಿ ಬೆಳೆಯುವಂತೆ, ಇಲ್ಲಿಯೂ ಬೆಳವಣಿಗೆ ಮಿತಿಮೀರಿದರೆ ಜಾಲರಿಯ ಒಳಭಾಗ ಮತ್ತೆ ಇಕ್ಕಟ್ಟಾಗುತ್ತದೆ. ಮಾರ್ಗವು ಅರ್ಧ ಅಥವಾ ಅದಕ್ಕೂ ಹೆಚ್ಚು ಕಿರಿದಾದರೆ ಅದನ್ನು ಮರುಸಂಕೋಚನ ಎನ್ನುತ್ತಾರೆ. ಇದನ್ನು ತಗ್ಗಿಸಲೆಂದೇ ಔಷಧಲೇಪಿತ ಸ್ಟೆಂಟ್‌ಗಳು ಬಂದವು. ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಾಣುವಿನಿಂದ ಮೊದಲು ದೊರೆತ ಸಿರೋಲಿಮಸ್ ಎಂಬ ಔಷಧಿ ಅವುಗಳಲ್ಲಿ ಪ್ರಮುಖವಾದುದು. ಬರಿಯ ಲೋಹದ ಸ್ಟೆಂಟ್‌ಗಳಲ್ಲಿ ನೂರಕ್ಕೆ 20ರಿಂದ 30ರಷ್ಟಿದ್ದ ಮರುಸಂಕೋಚನ ಇಂದು ಸುಮಾರು 5ರಿಂದ 10ಕ್ಕೆ ಇಳಿದಿದೆ. ಇಳಿದಿದೆ, ಅಳಿದಿಲ್ಲ.

ಮಧುಮೇಹ, ಮೂತ್ರಪಿಂಡದ ಕಾಯಿಲೆ, ಸಣ್ಣ ಧಮನಿ ಹಾಗೂ ಉದ್ದನೆಯ ಸ್ಟೆಂಟ್ ಇದ್ದಲ್ಲಿ ಇದರ ಸಂಭವ ಹೆಚ್ಚು. ಸುಣ್ಣದಂತೆ ಗಟ್ಟಿಯಾದ ಧಮನಿಯಲ್ಲಿ ಸ್ಟೆಂಟ್ ಪೂರ್ಣವಾಗಿ ಅರಳದಿರುವುದೂ ಮುಖ್ಯ ಕಾರಣ. ವರ್ಷಗಳು ಕಳೆದ ಮೇಲೆ ಸ್ಟೆಂಟಿನ ಒಳಗೇ ಹೊಸದಾಗಿ ಕೊಬ್ಬು ಸೇರುವುದೂ ಉಂಟು.

ಚಿಕಿತ್ಸೆಯ ಮೊದಲ ಹೆಜ್ಜೆ ಕಾರಣವನ್ನು ಕಂಡುಹಿಡಿಯುವುದು. ಆಂಜಿಯೋಗ್ರಾಂ ಧಮನಿಯ ನೆರಳನ್ನಷ್ಟೇ ತೋರಿಸುತ್ತದೆ. ಶಬ್ದತರಂಗ ಅಥವಾ ಬೆಳಕಿನ ಕಿರಣ ಬಳಸುವ ಸೂಕ್ಷ್ಮ ನಳಿಕೆಯನ್ನು ಧಮನಿಯೊಳಗೆ ಕಳುಹಿಸಿದರೆ, ಸ್ಟೆಂಟ್ ಅರಳಿಲ್ಲವೋ, ಅಂಗಾಂಶ ಬೆಳೆದಿದೆಯೋ ಎಂಬುದು ತಿಳಿಯುತ್ತದೆ. ಅರಳದ ಸ್ಟೆಂಟನ್ನು ಅಧಿಕ ಒತ್ತಡದ ಬಲೂನಿನಿಂದ ಹಿಗ್ಗಿಸುತ್ತಾರೆ. ಸುಣ್ಣದ ಗಡಸುತನ ಅಡ್ಡಿಯಾದರೆ, ಮೂತ್ರಪಿಂಡದ ಕಲ್ಲನ್ನು ಒಡೆಯುವ ಬಗೆಯಲ್ಲಿಯೇ ಆಘಾತ ತರಂಗಗಳಿಂದ ಅದನ್ನು ಸಡಿಲಿಸಬಹುದು. ಅಂಗಾಂಶ ಬೆಳೆದಿದ್ದರೆ ಎರಡು ಮುಖ್ಯ ಮಾರ್ಗಗಳಿವೆ: ಒಳಗೆ ಮತ್ತೊಂದು ಔಷಧಲೇಪಿತ ಸ್ಟೆಂಟ್ ಇಡುವುದು, ಇಲ್ಲವೆ ಔಷಧಲೇಪಿತ ಬಲೂನನ್ನು ಸ್ವಲ್ಪ ಹೊತ್ತು ಉಬ್ಬಿಸಿ, ಔಷಧಿಯನ್ನು ಗೋಡೆಗೆ ಅಂಟಿಸಿ, ಬಲೂನನ್ನು ಹೊರತೆಗೆಯುವುದು. ಎರಡನೆಯದರಲ್ಲಿ ಲೋಹದ ಮೇಲೆ ಲೋಹ ಸೇರುವುದಿಲ್ಲ. ಮರುಸಂಕೋಚನ ಪದೇ ಪದೇ ಆಗುತ್ತಿದ್ದರೆ, ಅಥವಾ ಮಧುಮೇಹಿಗಳಲ್ಲಿ ಹಲವು ಧಮನಿಗಳು ಕೆಟ್ಟಿದ್ದರೆ, ಬೈಪಾಸ್ ಶಸ್ತ್ರಚಿಕಿತ್ಸೆಯೇ ಮೇಲಾಗಬಹುದು. ತೊಂದರೆಯನ್ನೇ ಕೊಡದ, ರಕ್ತದ ಹರಿವನ್ನು ತಡೆಯದ ಅಲ್ಪ ಸಂಕೋಚನಕ್ಕೆ ಔಷಧಿಯೇ ಸಾಕಾಗುವುದೂ ಉಂಟು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಮರುಸಂಕೋಚನ ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ. ನಡೆದಾಗ, ಶ್ರಮಪಟ್ಟಾಗ ಎದೆ ಬಿಗಿಯುವ ಮೂಲಕ ಎಚ್ಚರಿಸುತ್ತದೆ. ಆದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಹಠಾತ್ತನೆ ಹೃದಯಾಘಾತವಾಗುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂತಹ ಮಾತ್ರೆಗಳನ್ನು ಅವಧಿಗೆ ಮುನ್ನ ನಿಲ್ಲಿಸುವುದು ಅದಕ್ಕೆ ದೊಡ್ಡ ಕಾರಣ. ಉಪವಾಸವೆಂದೋ, ಜಾತ್ರೆಗೆ ಹೊರಡುವ ಅವಸರದಲ್ಲೋ, ಹಲ್ಲು ಕೀಳಿಸಬೇಕೆಂದೋ ತಾವಾಗಿಯೇ ಮಾತ್ರೆ ಬಿಡಬಾರದು. ಹೃದ್ರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಸ್ಟೆಂಟ್ ತೆರೆಯುವುದು ಇಕ್ಕಟ್ಟಾದ ಒಂದು ಸ್ಥಳವನ್ನು ಮಾತ್ರ. ರೋಗದ ಮೂಲವನ್ನು ಅದು ಕೀಳುವುದಿಲ್ಲ. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದು, ವೈದ್ಯರು ಬರೆದುಕೊಟ್ಟ ಕೊಬ್ಬಿನಂಶ ತಗ್ಗಿಸುವ ಮಾತ್ರೆಯನ್ನು ಬಿಡದಿರುವುದು, ಬೀಡಿ, ಸಿಗರೇಟು, ತಂಬಾಕುಗಳನ್ನು ಸಂಪೂರ್ಣ ತ್ಯಜಿಸುವುದು, ನಿತ್ಯವೂ ನಡೆಯುವುದು – ಇವು ನಮ್ಮ ಕೈಯಲ್ಲಿವೆ. ಸ್ಟೆಂಟಿನ ವಿವರವಿರುವ ಚೀಟಿಯನ್ನೂ ಹಳೆಯ ಆಂಜಿಯೋಗ್ರಾಂ ವರದಿಯನ್ನೂ ಜೋಪಾನವಾಗಿಡಿ. ಮುಂದಿನ ವೈದ್ಯರಿಗೆ ಅವೇ ದಾರಿದೀಪ.

ಹಳೆಯ ಎದೆನೋವು ಮರಳಿದರೆ ಆ ವಾರವೇ ವೈದ್ಯರನ್ನು ಕಾಣಿ. ವಿಶ್ರಾಂತಿಯಲ್ಲಿದ್ದಾಗಲೂ ನೋವು ಬಂದರೆ, ಬೆವರು ಅಥವಾ ಉಸಿರಾಟದ ಕಷ್ಟ ಜೊತೆಗಿದ್ದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಮರಳಿ ಬಂದ ನೋವು ಯಾರ ಸೋಲೂ ಅಲ್ಲ. ಅದಕ್ಕೆ ಚಿಕಿತ್ಸೆಯಿದೆ, ಸಕಾಲದಲ್ಲಿ ಬಾಯಿಬಿಟ್ಟು ಹೇಳಬೇಕು, ಅಷ್ಟೆ.