ಕುಸುಮರೋಗಿಯ ಕಾಲಿನ ರಕ್ತನಾಳ ಕಟ್ಟಿದಾಗ

ಕನ್ನಡದಲ್ಲಿ ಕುಸುಮರೋಗವೆನಿಸಿಕೊಂಡಿರುವ ಹೀಮೋಫಿಲಿಯದಲ್ಲಿ ರಕ್ತವು ಸುಲಭವಾಗಿ ಹೆಪ್ಪುಗಟ್ಟದು. ಇಂಥವರ ರಕ್ತನಾಳ ಕಟ್ಟಿಕೊಳ್ಳಲಾರದೆಂಬ ಭಾವನೆ ಸಹಜವಾದರೂ ಸರಿಯಲ್ಲ. ಈ ರೋಗದಲ್ಲಿ ಕೊರತೆಯಾಗಿರುವುದು ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರ್. ನಾಳದ ಗೋಡೆಯಲ್ಲಿ ಕೊಬ್ಬು ಶೇಖರವಾಗುವುದನ್ನು ಆ ಕೊರತೆ ತಡೆಯದು. 1960ರ ದಶಕದಲ್ಲಿ ಕ್ರಯೋಪ್ರೆಸಿಪಿಟೇಟ್, ತರುವಾಯ ಶುದ್ಧೀಕೃತ ಫ್ಯಾಕ್ಟರ್ ದೊರೆತು ರೋಗಿಗಳ ಆಯುಸ್ಸು ಬೆಳೆಯಿತು. ಮುಪ್ಪಿನ ವ್ಯಾಧಿಗಳೂ ಬೆನ್ನಹಿಂದೆಯೇ ಬಂದವು.

ಕೇರಳದಲ್ಲಿ ಚಿಕಿತ್ಸೆಯ ಸಾಧನಗಳಿಗೆ ಕೊರತೆಯಿಲ್ಲ. ಕೊಚ್ಚಿಯ ಸಮೀಪದ ಆಲುವಾದ ಸರಕಾರೀ ಆಸ್ಪತ್ರೆಯಲ್ಲಿ ಹೀಮೋಫಿಲಿಯ ಕೇಂದ್ರವುಂಟು. ರಾಜ್ಯದ ‘ಆಶಾಧಾರಾ’ ಯೋಜನೆ ಫ್ಯಾಕ್ಟರನ್ನು ಉಚಿತವಾಗಿ ಒದಗಿಸುತ್ತದೆ. 1980ರಲ್ಲಿ ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹೃದಯ ಮತ್ತು ರಕ್ತನಾಳಗಳ ಚಿಕಿತ್ಸೆಗೆ ಹೆಸರಾದುದು. ಎರಡು ನಗರಗಳ ನಡುವಣ ಅಂತರ ಸುಮಾರು 200 ಕಿಲೋಮೀಟರ್. ಕಾಸರಗೋಡಿನ ಕನ್ನಡಿಗನಿಗೆ ಎರಡೂ ದೂರವೇ! ರಕ್ತವೈದ್ಯನೂ ನಾಳವೈದ್ಯನೂ ಬೇರೆ ಬೇರೆ ಊರಿನವರಾದಲ್ಲಿ, ರೋಗಿಯು ಹೊರಡುವ ಮೊದಲೇ ಫ್ಯಾಕ್ಟರಿನ ಲೆಕ್ಕ ನಿಶ್ಚಯವಾಗಿರಬೇಕು.

ರೋಗವನ್ನು ಗುರುತಿಸುವುದೇ ಕಷ್ಟ. ನಡೆಯುವಾಗ ಮೀನಖಂಡದಲ್ಲಿ ಹುಟ್ಟಿ, ನಿಂತೊಡನೆ ಶಮಿಸುವ ನೋವು ನಾಳ ಕಟ್ಟಿದುದರ ಲಕ್ಷಣ. ಆದರೆ ಕುಸುಮರೋಗಿಯ ಮೊಣಕಾಲು, ಹರಡುಗಳು ಪದೇ ಪದೇ ರಕ್ತ ಸುರಿದು ಮೊದಲೇ ಕೆಟ್ಟಿರುತ್ತವೆ. ನೋವೆಲ್ಲವೂ ಕೀಲಿನ ಲೆಕ್ಕಕ್ಕೆ ಹೋಗುತ್ತದೆ. ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಂಶಯ ಬಲವಾಗುತ್ತದೆ. ಸೂಜಿಯ ಅಗತ್ಯವಿಲ್ಲದ ಈ ಪರೀಕ್ಷೆಯನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ತಂಬಾಕನ್ನು ಬಿಡುವುದು, ಸ್ಟಾಟಿನ್ ಗುಳಿಗೆ, ಕೀಲುಗಳು ಸಹಿಸುವಷ್ಟು ನಡಿಗೆ, ಇವು ಮೊದಲ ಉಪಾಯಗಳು. ವಿಶ್ರಾಂತಿಯಲ್ಲಿಯೂ ನೋವಿದ್ದರೆ, ಪಾದದಲ್ಲಿ ಮಾಯದ ಹುಣ್ಣಿದ್ದರೆ ಕಾಲನ್ನು ಉಳಿಸಲು ನಾಳವನ್ನು ತೆರೆಯಲೇಬೇಕು. ಆಗ ಸೂಜಿ ಚುಚ್ಚುವುದಕ್ಕೆ ಮುನ್ನ ಫ್ಯಾಕ್ಟರಿನ ಮಟ್ಟವನ್ನು ಸಹಜಕ್ಕೆ ಸಮೀಪ ಏರಿಸಬೇಕು. ಅದನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ದೇಹದಲ್ಲಿಲ್ಲವೆಂದು ಮೊದಲೇ ಪರೀಕ್ಷಿಸಬೇಕು. ಸಾಮಾನ್ಯ ಎಂಟನೆಯ ಫ್ಯಾಕ್ಟರ್ ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ಒಂದೇ ಚುಚ್ಚುಮದ್ದು ಸಾಲದು. ಎಮಿಸಿಜುಮಾಬ್ ಪಡೆಯುತ್ತಿರುವವರಲ್ಲಿ ಎಪಿಟಿಟಿ ಪರೀಕ್ಷೆಯು ಸಹಜವೆಂಬಂತೆ ತೋರುತ್ತದೆ. ಅದನ್ನು ನಂಬಿ ಹೆಪಾರಿನ್ ಪ್ರಮಾಣವನ್ನು ನಿರ್ಧರಿಸಕೂಡದು.

ನಿಜವಾದ ಇಕ್ಕಟ್ಟು ಶಸ್ತ್ರಕ್ರಿಯೆಯ ತರುವಾಯದ್ದು. ಸ್ಟೆಂಟ್ ಇಟ್ಟಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಕೆಲಕಾಲ ಕೊಡುವುದು ವಾಡಿಕೆ. ಕುಸುಮರೋಗಿಗೆ ಅದು ಅಪಾಯಕರ. ಆದಕಾರಣ ಸಾಧ್ಯವಾದೆಡೆ ಬಲೂನಿನಿಂದಲೇ ನಾಳವನ್ನು ಹಿಗ್ಗಿಸಿ, ಒಂದೇ ಔಷಧವನ್ನು ಅತ್ಯಲ್ಪ ಕಾಲ ಕೊಡುವುದು ವಿವೇಕ. ಆ ಅವಧಿಯುದ್ದಕ್ಕೂ ಫ್ಯಾಕ್ಟರನ್ನು ತಪ್ಪದೆ ಒದಗಿಸಬೇಕು; ಅದು ನಿಂತ ದಿನ ಆಸ್ಪಿರಿನ್ ಮುಂದುವರಿಸಬಹುದೇ ಎಂಬುದನ್ನು ರಕ್ತವೈದ್ಯನು ತೀರ್ಮಾನಿಸಬೇಕೇ ಹೊರತು ರೋಗಿಯಲ್ಲ.