ನೂಲಿಲ್ಲದ ಬಟ್ಟೆಯ ಅಂಗಡಿ

ಸೆಕೆಂಡ್ ಲೈಫ್ ಎಂಬ ಕಂಪ್ಯೂಟರ್ ಲೋಕದಲ್ಲಿ ಓಡಾಡುವ ಅವತಾರಗಳು ತೊಡುವ ಬಟ್ಟೆಬರೆಯನ್ನು ಬಹುಮಟ್ಟಿಗೆ ಅಲ್ಲಿನ ನಿವಾಸಿಗಳೇ ತಯಾರಿಸುತ್ತಾರೆ, ಅವರೇ ಮಾರುತ್ತಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಕಂಪನಿ 2003ರ ಜೂನ್‌ನಲ್ಲಿ ಈ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಕಂಪನಿ ಒದಗಿಸಿದ್ದು ನೆಲ, ನೀರು, ಆಕಾಶ ಮತ್ತು ಕಟ್ಟುವ ಸಲಕರಣೆ. ಅದರ ಮೇಲೆ ಎದ್ದು ನಿಂತ ಮನೆಮಠ, ತಲೆಗೂದಲು, ಚಪ್ಪಲಿ, ಲಂಗಗಳೆಲ್ಲ ಹೆಚ್ಚುಕಡಿಮೆ ಬಳಕೆದಾರರ ಕೈಕೆಲಸ. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿ ಒಂದು ದೊಡ್ಡ ನಿರ್ಧಾರ ಪ್ರಕಟಿಸಿತು: ನಿವಾಸಿ ಸೃಷ್ಟಿಸಿದ ವಸ್ತುವಿನ ಬೌದ್ಧಿಕ ಹಕ್ಕು ಆ ನಿವಾಸಿಯದೇ. ಆಡುವವರು ಮಾಡಿದ್ದೆಲ್ಲ ಕಂಪನಿಯ ಸ್ವತ್ತು ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದು ರೂಢಿಯಾಗಿದ್ದ ಕಾಲದಲ್ಲಿ ಇದು ನಿಜಕ್ಕೂ ಧೈರ್ಯದ ಹೆಜ್ಜೆ. ಅಲ್ಲಿನ ಬಟ್ಟೆ ಅಂಗಡಿಗಳು ನಿಂತಿರುವುದು ಈ ನಿರ್ಧಾರದ ಮೇಲೆ.

ವ್ಯಾಪಾರ ನಡೆಯುವುದು ಲಿಂಡನ್ ಡಾಲರ್‌ನಲ್ಲಿ. ಅಮೆರಿಕದ ಒಂದು ಡಾಲರಿಗೆ ಇದರ ಬೆಲೆ ಎಷ್ಟೋ ವರ್ಷಗಳಿಂದ 250ರ ಆಸುಪಾಸಿನಲ್ಲೇ ಇದೆ. ಒಂದು ಅಂಗಿಗೆ 250 ಲಿಂಡನ್ ಡಾಲರ್ ಇಟ್ಟರೆ ಕೈಗೆ ಬರುವುದು ಒಂದು ಡಾಲರ್ ಎಂದಾಯಿತು, ಅದರಲ್ಲೂ ಶುಲ್ಕ ಕಳೆಯುತ್ತದೆ. ಒಂದೆರಡು ಅಂಗಿ ಮಾರಿ ಸಂಸಾರ ತೂಗಿಸುವ ಲೆಕ್ಕ ಇಲ್ಲಿ ಹುಟ್ಟುವುದಿಲ್ಲ. ಆದರೆ ಒಮ್ಮೆ ತಯಾರಾದ ಅಂಗಿಯನ್ನು ಸಾವಿರ ಸಲ ಮಾರಿದರೂ ದಾಸ್ತಾನು ಮುಗಿಯುವುದಿಲ್ಲ. ಹೊಲಿಯುವವರ ದುಡಿಮೆಯೆಲ್ಲ ಮೊದಲ ಪ್ರತಿಯಲ್ಲೇ ಮುಗಿದಿರುತ್ತದೆ. ಆ ಮೊದಲ ಪ್ರತಿ ಎಷ್ಟು ಚೆನ್ನಾಗಿ ಮೈಗೆ ಕೂರುತ್ತದೆ ಎಂಬುದರ ಮೇಲೆ ಅಂಗಡಿಯ ಹಣೆಬರಹ ನಿಂತಿದೆ.

ಆರಂಭದ ವರ್ಷಗಳಲ್ಲಿ ಅಂಗಿ, ಪ್ಯಾಂಟು ಎಂದರೆ ಅವತಾರದ ಮೈಗೆ ಬಳಿದ ಬಣ್ಣದ ಪದರ. ಬಿಚ್ಚಿ ಹರಡಿದ ಚರ್ಮದಂತಿರುವ ಮೈಯ ನಕಾಶೆಯೊಂದನ್ನು ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ತೆರೆದು, ಗುಂಡಿ, ಹೊಲಿಗೆಯ ಗೆರೆ, ಮಡಿಕೆಯ ನೆರಳುಗಳನ್ನು ಕೈಯಿಂದಲೇ ಬಿಡಿಸಬೇಕಿತ್ತು. ಎದೆಯ ಭಾಗ ಮತ್ತು ಬೆನ್ನಿನ ಭಾಗ ಪಕ್ಕೆಯಲ್ಲಿ ಕೂಡುವ ಕಡೆ ಪಟ್ಟೆ ಒಂದಿಷ್ಟು ಜಾರಿದರೂ ಎದ್ದು ಕಾಣುತ್ತಿತ್ತು. ಚೌಕಳಿ ಬಟ್ಟೆ ಕತ್ತರಿಸುವ ದರ್ಜಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ. ಹೀಗೆ ಬಿಡಿಸಿದ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಅಡ್ಡ 1024, ಉದ್ದ 1024 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ ಏರಿಸಲು ಸಾಮಾನ್ಯ ಶುಲ್ಕ 10 ಲಿಂಡನ್ ಡಾಲರ್.

2011ರ ಆಗಸ್ಟ್‌ನಲ್ಲಿ ಮೆಶ್ ಬಂದ ಮೇಲೆ ಕಸುಬಿನ ರೀತಿಯೇ ಬದಲಾಯಿತು. ಸಾವಿರಾರು ಪುಟ್ಟ ತ್ರಿಕೋನಗಳನ್ನು ಬಲೆಯಂತೆ ಹೆಣೆದು ಮಾಡಿದ ಮೂರು ಆಯಾಮದ ಆಕೃತಿಯೇ ಮೆಶ್. ಅಂಗಿ ಬಣ್ಣದ ಪದರವಾಗಿ ಉಳಿಯದೆ ಮೈಯಿಂದ ಬೇರೆಯಾದ ವಸ್ತುವಾಯಿತು. ಕಾಲರಿಗೆ ದಪ್ಪ ಬಂತು, ಲಂಗಕ್ಕೆ ಅಂಚು ಬಂತು. ಇದಕ್ಕೆ ಹೆಚ್ಚಿನವರು ಬಳಸುವುದು ಉಚಿತವಾಗಿ ಸಿಗುವ ಬ್ಲೆಂಡರ್. ಮಾರ್ವೆಲಸ್ ಡಿಸೈನರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮುಂಭಾಗ, ಹಿಂಭಾಗ, ತೋಳು ಎಂದು ತುಂಡು ಕತ್ತರಿಸಿ, ಅಂಚಿಗೆ ಅಂಚು ಹೊಲಿದು, ಬೊಂಬೆಯ ಮೇಲೆ ಇಳಿಬಿಡಬಹುದು. ಬಟ್ಟೆ ತನ್ನ ಭಾರಕ್ಕೆ ತಾನೇ ಮಡಿಕೆ ಬೀಳುತ್ತದೆ. ಹೊಲಿಗೆ ಗೊತ್ತಿರುವವರ ಕೈ ಇಲ್ಲಿ ಬೇಗ ಪಳಗುತ್ತದೆ. ಆದರೆ ಅದರಿಂದ ಹೊರಬರುವ ಬಲೆ ತೀರ ಒತ್ತಾಗಿರುತ್ತದೆ. ನೋಡುವವರ ಕಂಪ್ಯೂಟರ್ ಏದುಸಿರು ಬಿಡದಂತೆ ಅದನ್ನು ಮತ್ತೆ ವಿರಳವಾಗಿ ಹೆಣೆಯಬೇಕು. ಈ ಹಂತವನ್ನು ಹಾರಿಸಿದ ಅಂಗಡಿಯ ಬಟ್ಟೆ ತೊಟ್ಟವರು ನಾಲ್ಕು ಜನ ಒಂದೆಡೆ ಸೇರಿದರೆ ಆ ಜಾಗವೇ ಕುಂಟತೊಡಗುತ್ತದೆ.

ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ ರಿಗ್ಗಿಂಗ್. ಅವತಾರದೊಳಗೆ ಕಣ್ಣಿಗೆ ಕಾಣದ ಎಲುಬಿನ ಹಂದರವಿದೆ. ಬಲೆಯ ಪ್ರತಿ ಬಿಂದುವೂ ಯಾವ ಎಲುಬಿನ ಜೊತೆ ಎಷ್ಟು ಪಾಲು ಚಲಿಸಬೇಕು ಎಂಬುದನ್ನು ತಯಾರಕರು ನಿಗದಿ ಮಾಡುತ್ತಾರೆ. ಒಂದು ಬಿಂದುವಿಗೆ ಹೆಚ್ಚೆಂದರೆ ನಾಲ್ಕು ಎಲುಬು. ನಿಂತಾಗ ಒಪ್ಪವಾಗಿ ಕಾಣುವ ಲಂಗ, ಅವತಾರ ಕುರ್ಚಿಯಲ್ಲಿ ಕೂತೊಡನೆ ಮೈಯೊಳಗೆ ಹೊಕ್ಕಿರುತ್ತದೆ, ತೊಡೆ ಬಟ್ಟೆಯನ್ನು ಸೀಳಿ ಹೊರಬಂದಿರುತ್ತದೆ. ತಯಾರಕರು ಬ್ಲೆಂಡರ್‌ಗೆ ಮರಳಿ ತೊಡೆಯ ಪಾಲನ್ನು ತುಸು ಏರಿಸಿ, ಸೊಂಟದ ಪಾಲನ್ನು ಇಳಿಸಿ ಮತ್ತೆ ಕೂರಿಸಿ ನೋಡುತ್ತಾರೆ. ಈಗ ತೊಡೆ ಸರಿಹೋಗಿ ಮಂಡಿಯ ಬಳಿ ಬಟ್ಟೆ ಮುದುಡಿರುತ್ತದೆ. ಇಂಥ ಹತ್ತಾರು ಸುತ್ತಿನ ನಂತರ ಒಂದು ಲಂಗ ಮಾರಾಟಕ್ಕೆ ಸಿದ್ಧ. ಸೀರೆಯಾದರಂತೂ ಕಷ್ಟ ದುಪ್ಪಟ್ಟು. ನೆರಿಗೆ ಎರಡು ಕಾಲಿನ ನಡುವೆ ಬೀಳುವುದರಿಂದ ಅದರ ಬಿಂದುಗಳನ್ನು ಎಡಗಾಲಿಗೂ ಬಲಗಾಲಿಗೂ ಹಂಚಬೇಕಾಗುತ್ತದೆ. ಹೆಜ್ಜೆ ಇಟ್ಟಾಗ ನೆರಿಗೆ ರಬ್ಬರಿನಂತೆ ಹಿಗ್ಗುತ್ತದೆ. ಸೆರಗು ತೋಳಿನ ಜೊತೆ ಹೋಗಬೇಕೋ ಬೆನ್ನಿನ ಜೊತೆಯೋ ಎಂಬುದು ಇನ್ನೊಂದು ತಲೆನೋವು. ಕಾಲಿಗೆ ಸಿಕ್ಕದೆ ನಡೆಯುವ ಸೀರೆಯೊಂದನ್ನು ಕಂಡರೆ ಅದರ ಹಿಂದೆ ಅದೆಷ್ಟು ರಾತ್ರಿಗಳ ದುಡಿಮೆ ಇದೆ ಎಂದು ತಿಳಿಯಬೇಕು.

ಸಾಲದ್ದಕ್ಕೆ ಮೈಯೂ ಒಂದೇ ಅಲ್ಲ. ಕಂಪನಿ ಕೊಟ್ಟ ಮೂಲ ಮೈಯನ್ನು ಬದಿಗಿಟ್ಟು ನಿವಾಸಿಗಳು ಬೇರೆ ತಯಾರಕರ ಮೆಶ್ ಮೈಗಳನ್ನು ಕೊಳ್ಳುತ್ತಾರೆ. ಮೈತ್ರೇಯ ಎಂಬ ಅಂಗಡಿಯ ಲಾರಾ ಅಂಥವುಗಳಲ್ಲಿ ಬಹಳ ಹೆಸರಾದದ್ದು. ಒಂದು ಮೈಗೆ ಹೊಲಿದ ಅಂಗಿ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ಒಂದೇ ಅಂಗಿಯನ್ನು ಮೂರೋ ನಾಲ್ಕೋ ಮೈಗೆ ಬೇರೆ ಬೇರೆಯಾಗಿ ರಿಗ್ ಮಾಡಬೇಕಾಗುತ್ತದೆ. ಹೊಸಬರು ಒಂದೇ ಮೈಯನ್ನು ಆರಿಸಿಕೊಂಡು ಅದಕ್ಕೆ ಅಚ್ಚುಕಟ್ಟಾಗಿ ಹೊಲಿಯುವುದು ಲೇಸು. 2019ರಲ್ಲಿ ಬಂದ ಬೇಕ್ಸ್ ಆನ್ ಮೆಶ್ ಸೌಲಭ್ಯದಿಂದ ಹಳೆಯ ಬಣ್ಣದ ಪದರಗಳನ್ನು ಮೆಶ್ ಮೈಯ ಮೇಲೂ ತೊಡಬಹುದಾಗಿದ್ದು, ಚಿತ್ರ ಬಿಡಿಸುವುದನ್ನಷ್ಟೇ ಬಲ್ಲವರಿಗೂ ಮತ್ತೆ ಜಾಗ ಸಿಕ್ಕಿದೆ.

ಪ್ರಯೋಗಕ್ಕೆ ಹಣ ಸುರಿಯಬೇಕಾಗಿಲ್ಲ. ಲಿಂಡನ್ ಲ್ಯಾಬ್ ತನ್ನ ಮುಖ್ಯ ಜಾಲಕ್ಕೆ ಇಟ್ಟ ಹೆಸರು ಅಗ್ನಿ, ಪರೀಕ್ಷೆಯ ಜಾಲಕ್ಕೆ ಅದಿತಿ. ಅದಿತಿಯಲ್ಲಿ ಖರ್ಚಾಗುವುದು ಲೆಕ್ಕಕ್ಕಿಲ್ಲದ ಹಣ, ಎಷ್ಟು ಸಲ ಬೇಕಾದರೂ ಬಟ್ಟೆ ಏರಿಸಿ ತೊಟ್ಟು ನೋಡಬಹುದು. ಮೆಶ್ ಏರಿಸುವ ಅನುಮತಿಗೆ ಮಾತ್ರ ಪಾವತಿಯ ವಿವರ ಕೊಟ್ಟು, ಬೌದ್ಧಿಕ ಹಕ್ಕಿನ ಕುರಿತ ಪುಟ್ಟ ಪ್ರಶ್ನಾವಳಿಯನ್ನು ಮುಗಿಸಬೇಕು.

ಸಿದ್ಧ ಮೆಶ್ ಕೊಂಡು ಬಣ್ಣ ಹಚ್ಚಿ ಮಾರುವವರೂ ಸಾಕಷ್ಟಿದ್ದಾರೆ. ಅದು ಕಾನೂನುಬದ್ಧವೇ. ಆದರೆ ಅದೇ ಲಂಗ ಪಕ್ಕದ ಅಂಗಡಿಯಲ್ಲೂ ತೂಗುತ್ತಿರುತ್ತದೆ, ಗಿರಾಕಿಗೆ ಅದು ಬೇಗ ತಿಳಿಯುತ್ತದೆ. ತನ್ನದೇ ಕೈಯ ಬಟ್ಟೆಗೆ ಇರುವ ಬೆಲೆ ಇದರಿಂದಲೇ ಗೊತ್ತಾಗುತ್ತದೆ.

ಅಂಗಡಿಗೆ ಎರಡು ದಾರಿ. ವೆಬ್‌ನಲ್ಲಿರುವ ಮಾರ್ಕೆಟ್‌ಪ್ಲೇಸ್‌ಗೆ ಬಾಡಿಗೆ ಇಲ್ಲ. ಮಾರಿದಾಗ ದಲ್ಲಾಳಿ ಶುಲ್ಕ ಕಡಿತವಾಗುತ್ತದೆ. ಲೋಕದೊಳಗೆ ಅಂಗಡಿ ಬೇಕೆಂದರೆ ಮಾಲ್‌ಗಳಲ್ಲಿ ವಾರದ ಬಾಡಿಗೆಗೆ ಜಾಗ ಹಿಡಿಯಬಹುದು, ಇಲ್ಲವೇ ಪ್ರೀಮಿಯಂ ಸದಸ್ಯತ್ವ ಪಡೆದು 1024 ಚದರ ಮೀಟರ್‌ವರೆಗಿನ ನೆಲವನ್ನು ತಿಂಗಳ ಶುಲ್ಕವಿಲ್ಲದೆ ಇಟ್ಟುಕೊಳ್ಳಬಹುದು. ಅಂಥ ನೆಲ ಸಾಮಾನ್ಯವಾಗಿ 351 ಅಂಶಗಳಷ್ಟು ವಸ್ತುಭಾರ ತಡೆಯುತ್ತದೆ. ಗೋಡೆ, ದೀಪ, ಕನ್ನಡಿಗೆ ನೂರು ಹೋದರೂ, ಒಂದೊಂದು ಅಂಶದ ಪ್ಯಾನೆಲ್‌ಗಳಲ್ಲಿ ಬಟ್ಟೆಯ ಫೋಟೊ ನೇತುಹಾಕಲು ಧಾರಾಳ ಜಾಗ ಉಳಿಯುತ್ತದೆ. ಪ್ಯಾನೆಲ್ ಅನ್ನು ಕ್ಲಿಕ್ ಮಾಡಿ ಹಣ ಕೊಟ್ಟರೆ ಬಟ್ಟೆ ತಾನಾಗಿ ಗಿರಾಕಿಯ ಕಪಾಟು ಸೇರುತ್ತದೆ. ಪಕ್ಕದಲ್ಲೇ ಡೆಮೊ ಇರಬೇಕು. ಬಟ್ಟೆಯ ಮೇಲೆಲ್ಲ ಡೆಮೊ ಎಂದು ಬರೆದಿರುವ ಈ ಉಚಿತ ಪ್ರತಿಯನ್ನು ತೊಟ್ಟು ನೋಡದೆ ಅನುಭವಿ ಗಿರಾಕಿ ಹಣ ಬಿಚ್ಚುವುದಿಲ್ಲ. 2006ರ ಜೂನ್‌ನಲ್ಲಿ ಅಮೆರಿಕನ್ ಅಪ್ಯಾರಲ್ ಎಂಬ ನಿಜಲೋಕದ ಬಟ್ಟೆ ಕಂಪನಿಯೂ ಇಲ್ಲಿ ಭಾರಿ ಪ್ರಚಾರದೊಂದಿಗೆ ಅಂಗಡಿ ತೆರೆದು ಮರುವರ್ಷವೇ ಬಾಗಿಲು ಹಾಕಿತು. ನಿವಾಸಿಗಳ ಸಣ್ಣ ಅಂಗಡಿಗಳು ಅದರ ನಂತರವೂ ನಡೆದುಕೊಂಡು ಬಂದಿವೆ.

ಮಾರುವ ಮುನ್ನ ನಕಲು, ತಿದ್ದುಪಡಿ, ವರ್ಗಾವಣೆ ಎಂಬ ಮೂರು ಅನುಮತಿಗಳನ್ನು ತೀರ್ಮಾನಿಸಬೇಕು. ಬಟ್ಟೆಗೆ ನಕಲು ಕೊಟ್ಟು ವರ್ಗಾವಣೆ ತಡೆಯುವುದು ವಾಡಿಕೆ. ಗಿರಾಕಿ ಒಂದು ಪ್ರತಿ ಎತ್ತಿಟ್ಟುಕೊಳ್ಳಬಹುದು, ಇನ್ನೊಬ್ಬರಿಗೆ ದಾಟಿಸಲಾಗದು. ಮೂರನ್ನೂ ಮರೆತು ತೆರೆದಿಟ್ಟರೆ ಕೊಂಡವರೇ ಆ ಬಟ್ಟೆಯನ್ನು ನಕಲು ಮಾಡಿ ಮಾರಲು ಕೂರಬಹುದು. ಕೈಬಿಟ್ಟ ಪ್ರತಿಯ ಮೇಲೆ ಮತ್ತೆ ಬೀಗ ಹಾಕಲು ಬರುವುದಿಲ್ಲ.

ಈ ಬೀಗವನ್ನೂ ಮುರಿಯುವವರಿದ್ದಾರೆ. 2006ರ ನವೆಂಬರ್‌ನಲ್ಲಿ ಕಾಪಿಬಾಟ್ ಎಂಬ ಸಾಧನ ಹರಡಿ, ಎದುರಿಗೆ ಕಂಡದ್ದನ್ನೆಲ್ಲ ಅನುಮತಿಯಿಲ್ಲದೆ ನಕಲಿಸತೊಡಗಿದಾಗ ಅನೇಕ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ತಿಂಗಳುಗಟ್ಟಲೆ ಕೂತು ಮಾಡಿದ್ದು ಕ್ಷಣದಲ್ಲಿ ಇನ್ನೊಬ್ಬರ ಪಾಲಾಗುವುದನ್ನು ಕಂಡವರ ಸಿಟ್ಟು ನ್ಯಾಯವಾದದ್ದೇ. ಹಾಗೆ ನಕಲಿಸುವುದು ನಿಯಮಭಂಗ ಎಂದು ಲಿಂಡನ್ ಲ್ಯಾಬ್ ಸಾರಿತು. ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನಡಿ ನೋಟಿಸ್ ಕೊಟ್ಟು ನಕಲು ಮಾಲನ್ನು ತೆಗೆಸುವ ದಾರಿ ಇದೆ. ಅದಕ್ಕಾಗಿ ಬ್ಲೆಂಡರ್ ಕಡತಗಳನ್ನು ದಿನಾಂಕಸಹಿತ ಜೋಪಾನ ಮಾಡಬೇಕು. ಹೆಸರಾಂತ ಬ್ರ್ಯಾಂಡ್‌ಗಳ ಲಾಂಛನವನ್ನು ತಮ್ಮ ಅಂಗಿಗೆ ಅಂಟಿಸುವ ತಯಾರಕರ ಮೇಲೆ ಟ್ರೇಡ್‌ಮಾರ್ಕ್ ಕಾನೂನಿನ ಕಣ್ಣು ಬೀಳುತ್ತದೆ.

ಉಳಿದದ್ದು ಗಿರಾಕಿಯ ಜೊತೆಗಿನ ವ್ಯವಹಾರ. ಅಂಗಡಿಯವರು ಲೋಕದಲ್ಲಿ ಇಲ್ಲದ ಹೊತ್ತಿನಲ್ಲಿ ಬರುವ ಸಂದೇಶಗಳು ಮಿತಿ ಮೀರಿದರೆ ತಲುಪದೆ ಹೋಗುತ್ತವೆ. ಹೀಗಾಗಿ ದೂರುಗಳನ್ನು ನೋಟ್‌ಕಾರ್ಡ್‌ನಲ್ಲಿ ಬರೆದು ಕಳಿಸುವಂತೆ ಫಲಕ ಹಾಕಿರುತ್ತಾರೆ. ಬಟ್ಟೆ ತಲುಪಲಿಲ್ಲ ಎಂದು ಯಾರಾದರೂ ಬರೆದರೆ ವಹಿವಾಟಿನ ದಾಖಲೆ ನೋಡಿ ಇನ್ನೊಂದು ಪ್ರತಿ ಕಳಿಸಿದರಾಯಿತು, ಅದಕ್ಕೆ ಖರ್ಚಿಲ್ಲ. ಮೈ ತಯಾರಿಸುವವರು ಹೊಸ ಆವೃತ್ತಿ ಬಿಟ್ಟಾಗ ಹಳೆಯ ಅಂಗಿಗಳು ಹೆಗಲಲ್ಲೋ ಸೊಂಟದಲ್ಲೋ ಹೊಂದದೆ ಹೋಗುವುದುಂಟು. ಆಗ ಅವನ್ನು ಮತ್ತೆ ರಿಗ್ ಮಾಡಿ, ಹಿಂದೆ ಕೊಂಡವರಿಗೆಲ್ಲ ಹಣ ಕೇಳದೆ ಹೊಸ ಅಳತೆಯ ಪ್ರತಿ ತಲುಪಿಸುವ ಅಂಗಡಿಗಳಿವೆ, ಮತ್ತು ಮುಂದಿನ ಅಂಗಿ ಬೇಕಾದಾಗ ಗಿರಾಕಿಗಳು ಅವನ್ನೇ ಹುಡುಕಿಕೊಂಡು ಬರುತ್ತಾರೆ.