ಹಾಸನ ಜಿಲ್ಲೆಗೆ ಬಂದವರು ತಿನ್ನಲೇಬೇಕಾದ ಊಟಗಳು

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿಗೆ ಪ್ರವಾಸಿಗರ ಕೊರತೆಯಿಲ್ಲ. ಶ್ರವಣಬೆಳಗೊಳದ 57 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ನೋಡಲು ವರ್ಷವಿಡೀ ಜನ ಬರುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಂದವರು ಕಲ್ಲಿನ ಕೆತ್ತನೆಯ ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಊಟಕ್ಕೆ ಹೆದ್ದಾರಿಯಲ್ಲಿ ನಿಲ್ಲಿಸಿ ಫ್ರೈಡ್ ರೈಸ್, ಗೋಬಿ ಮಂಚೂರಿ ತಿಂದು ಹೊರಟುಬಿಡುತ್ತಾರೆ. ಇವು ಎಲ್ಲ ಊರಲ್ಲೂ ಸಿಗುತ್ತವೆ. ಇಲ್ಲಿಯ ಮಣ್ಣಿನ ರುಚಿ ಯಾವುದು? ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ರಾಗಿ ಮುದ್ದೆ

ಮೊದಲ ಸ್ಥಾನ ಇದಕ್ಕೇ. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಬೆಂದ ಮೇಲೆ ಗಂಟಾಗದಂತೆ ಕೋಲಿನಿಂದ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಅಕ್ಕಿ, ಗೋಧಿಯಲ್ಲಿ ಇಷ್ಟಿಲ್ಲ. ಹೊಸಬರು ಇದನ್ನು ಚಪಾತಿಯಂತೆ ಅಗಿಯಲು ಹೋಗುತ್ತಾರೆ. ಆಗ ಹಲ್ಲಿಗೆ ಅಂಟುತ್ತದೆ. ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ, ಅಗಿಯದೆ ನುಂಗಬೇಕು. ಬಿಸಿ ಇರುವಾಗಲೇ ತಿನ್ನಬೇಕು. ಮಾಂಸ ತಿನ್ನುವವರಿಗೆ ಮುದ್ದೆಯ ಜೊತೆ ನಾಟಿ ಕೋಳಿ ಸಾರು ಒಳ್ಳೆಯ ಜೋಡಿ. ನಮ್ಮಂಥವರು ಹಲಾಲ್ ಹೌದೇ ಎಂದು ಮೊದಲೇ ಕೇಳಿಕೊಂಡರೆ ಸಾಕು.

ಬಸ್ಸಾರು

ಹೆಸರಿನಲ್ಲೇ ವಿಧಾನವಿದೆ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಏನೂ ವ್ಯರ್ಥವಿಲ್ಲ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ತಾನಾಗಿಯೇ ಬೆಳೆಯುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಕಿತ್ತು ತಂದು ಬೆರಕೆ ಸೊಪ್ಪಿನ ಸಾರೂ ಮಾಡುತ್ತಾರೆ. ಗ್ರೀಸ್ ದೇಶದ ಹಳ್ಳಿಗಳಲ್ಲೂ ಹೀಗೆಯೇ ಕಾಡು ಸೊಪ್ಪನ್ನು ಬೇಯಿಸಿ, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಾಕಿ 'ಹೋರ್ತಾ' ಎಂದು ತಿನ್ನುತ್ತಾರೆ. ಅಲ್ಲಿ ಅದು ಹೋಟೆಲಿನ ಮೆನುವಿನಲ್ಲೂ ಇರುತ್ತದೆ. ನಮ್ಮ ಬೆರಕೆ ಸೊಪ್ಪು ಮಾತ್ರ ಇನ್ನೂ ಮನೆಯ ಹೊಸ್ತಿಲು ದಾಟಿಲ್ಲ.

ಹುರುಳಿ ಕಟ್ಟಿನ ಸಾರು

ಹುರುಳಿ ಬೇಯಿಸಿದ ನೀರೇ ಕಟ್ಟು. ಇದರ ಸಾರು ಎರಡನೆಯ ದಿನ ಇನ್ನೂ ರುಚಿ. ನಮ್ಮ ಮನೆಮಾತು ಉರ್ದು. ಅಮ್ಮಿ ಇದನ್ನು 'ಕುಲ್ತಿ ಕಾ ಕಟ್' ಎನ್ನುತ್ತಾರೆ, ಪಕ್ಕದ ಮನೆಯ ಅಜ್ಜಿ 'ಹುರುಳಿ ಕಟ್ಟು' ಎನ್ನುತ್ತಾರೆ. ಒಗ್ಗರಣೆಯಲ್ಲಿ ಸ್ವಲ್ಪ ವ್ಯತ್ಯಾಸವಿದೆ, ಅಷ್ಟೇ. ಚಳಿಗಾಲದಲ್ಲಿ ಎರಡೂ ಮನೆಯ ಮುದ್ದೆಗೆ ಇದೇ ಜೊತೆ.

ಹಿತಕಿದ ಅವರೆಬೇಳೆ

ಇದನ್ನು ತಿನ್ನಬೇಕಾದರೆ ಡಿಸೆಂಬರ್, ಜನವರಿಯಲ್ಲಿ ಬರಬೇಕು. ಅವರೆಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಿನಿಂದ ಹಿತಕಿ ಸಿಪ್ಪೆ ತೆಗೆಯುತ್ತಾರೆ. ಒಂದು ಪಾತ್ರೆ ಸಾರಿಗೆ ಮನೆಮಂದಿಯೆಲ್ಲ ಕೂತು ಹಿತಕಬೇಕು. ಸೊಗಡಿನ ಅವರೆಯ ವಾಸನೆ ಬೀದಿಯವರೆಗೂ ಬರುತ್ತದೆ.

ಬೇರೆ ಕಡೆಯ ರುಚಿಗಳು

ಸಕಲೇಶಪುರದ ಕಡೆ ಹೋದರೆ ಮಲೆನಾಡು. ಅಲ್ಲಿ ಅಕ್ಕಿ ರೊಟ್ಟಿ, ಕಡುಬು, ಆಮೇಲೆ ಅಲ್ಲೇ ಬೆಳೆದ ಕಾಫಿ. ಒತ್ತು ಶ್ಯಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು ಸುರಿದುಕೊಂಡು ತಿನ್ನುವುದನ್ನೂ ಮರೆಯಬೇಡಿ. ಶ್ರವಣಬೆಳಗೊಳದಲ್ಲಿ ಜೈನರ ಊಟ ಬೇರೆ ರೀತಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕುವುದಿಲ್ಲ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಆಲೂಗಡ್ಡೆಗೆ ಹೆಸರಾದ ಜಿಲ್ಲೆಯಲ್ಲೇ ಆಲೂಗಡ್ಡೆಯಿಲ್ಲದ ರುಚಿಯಾದ ಊಟವೂ ಇದೆ!

ಹೋಟೆಲಿನಲ್ಲಿ ಏಕೆ ಸಿಗುವುದಿಲ್ಲ?

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಈ ಪ್ರಶ್ನೆ ಮುಖ್ಯ ಅನಿಸುತ್ತದೆ. ಗೋಬಿ ಮಂಚೂರಿಯನ್ನು ಗ್ರಾಹಕ ಕೇಳಿದ ಮೇಲೆ ಹತ್ತು ನಿಮಿಷದಲ್ಲಿ ಮಾಡಬಹುದು. ಬಸ್ಸಾರಿಗೆ ಸೊಪ್ಪು ಬಿಡಿಸುವುದರಿಂದ ಹಿಡಿದು ಗಂಟೆಗಟ್ಟಲೆ ಕೆಲಸ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ, ಯಾರೂ ಬರದಿದ್ದರೆ ಮಾಲೀಕರಿಗೆ ನಷ್ಟ. ಹೀಗಾಗಿ ಬೇಡಿಕೆ ಖಚಿತವಿಲ್ಲದ ಅಡುಗೆಯನ್ನು ಅವರು ಮಾಡುವುದಿಲ್ಲ. ಮೆನುವಿನಲ್ಲಿ ಇಲ್ಲದ್ದನ್ನು ಪ್ರವಾಸಿಗರು ಕೇಳುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. 2024-25ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಅಂದರೆ ಕೆ.ಜಿ.ಗೆ 42 ರೂಪಾಯಿ 90 ಪೈಸೆ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ರೈತರಿಗೆ ಸಿಗುವುದು ನಾಲ್ಕು ರೂಪಾಯಿ ಚಿಲ್ಲರೆ. ಅದೇ ರಾಗಿ ಮುದ್ದೆಯಾಗಿ, ಸಾರು ಪಲ್ಯದ ಜೊತೆ ಎಲೆಗೆ ಬಂದರೆ ಬೆಲೆ ಹಲವು ಪಟ್ಟು ಆಗುತ್ತದೆ. ಪಾಠದಲ್ಲಿ ಓದುವ ಮೌಲ್ಯವರ್ಧನೆ ಎಂದರೆ ಇದೇ. ರಾಗಿಯನ್ನು ಮೂಟೆಯಲ್ಲಿ ಕಳಿಸುವ ಬದಲು ಊರಲ್ಲೇ ಬೇಯಿಸಿ ಬಡಿಸಿದರೆ ಆ ಹೆಚ್ಚಿನ ಹಣ ಇಲ್ಲಿಯೇ, ಅದರಲ್ಲೂ ಅಡುಗೆ ಬಲ್ಲ ಹೆಂಗಸರ ಕೈಯಲ್ಲಿ ಉಳಿಯುತ್ತದೆ. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳು ಇದನ್ನು ಮಾಡಬಹುದು. ಹಿಂದಿನ ದಿನವೇ ಫೋನ್ ಮಾಡಿ ಇಷ್ಟು ಜನ ಬರುತ್ತೇವೆ ಎಂದು ತಿಳಿಸುವ ಪದ್ಧತಿ ಇದ್ದರೆ ನಷ್ಟದ ಭಯವೂ ಇರುವುದಿಲ್ಲ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೆಂಟರು ಬಂದಾಗ ನಾವು ಬಿರಿಯಾನಿ ಮಾಡುತ್ತೇವೆ. ಮಾಡೋಣ, ಬೇಡ ಅನ್ನುವುದಿಲ್ಲ. ಆದರೆ ಅದು ಅವರ ಊರಲ್ಲೂ ಸಿಗುತ್ತದೆ. ಮುಂದಿನ ಸಲ ಒಂದು ಹೊತ್ತಾದರೂ ಮುದ್ದೆ, ಬಸ್ಸಾರು ಬಡಿಸಿ ನೋಡಿ. ಹೊರಗೆ ಹೋಟೆಲಿಗೆ ಹೋದಾಗ "ಮುದ್ದೆ ಇದೆಯಾ ಅಣ್ಣ?" ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅದು ಮೆನುವಿನಲ್ಲಿ ಸಿಗಬಹುದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ